ನಂಜುಂಡನೂ ಶ್ರೀಕಂಠನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಯಾವ ತೋಟದ ಬೇಲಿಯ ಬಳಿ ನಿಂತು ‘ನಂಜುಂಡಣ್ಣಾ’ ಎಂದು ಕೂಗಿದರೂ ಯಾರಾದರೊಬ್ಬರು ‘ಓ’ ಎನ್ನುತ್ತಿದ್ದ ಕಾಲವೊಂದಿತ್ತು. ಈಗ ಓಗೊಡುವವರೇ ಇಲ್ಲವೆಂದಲ್ಲ. ಆದರೆ ಆ ದನಿಗೆ ವಯಸ್ಸಾಗಿದೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ನಂಜುಂಡನೆಂಬ ಹುಡುಗನಿಲ್ಲ. ಚೇತನ್, ಪವನ್, ದರ್ಶನ್ ಮೊದಲಾದವರಿದ್ದಾರೆ. ಅವರಲ್ಲಿ ಕೆಲವರ ಹೆಸರಿನ ಬಾಲದಲ್ಲಿ ‘ಎನ್’ ಎಂಬ ಒಂಟಿ ಅಕ್ಷರವೊಂದು ಜೋತುಬಿದ್ದಿರುತ್ತದೆ. ವಿಚಾರಿಸಿದರೆ ಎಷ್ಟೋ ಸಲ ಅದು ನಂಜುಂಡಯ್ಯನೋ ನಂಜಪ್ಪನೋ ನಂಜೇಗೌಡನೋ ಆಗಿರುತ್ತದೆ.

ಹೆಸರಿನ ಅರ್ಥ ಸರಳ. ‘ನಂಜು’ ಎಂದರೆ ವಿಷ. ನಂಜು ಉಂಡವನು ನಂಜುಂಡ. ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಾಲ್ಗಡಲನ್ನು ಕಡೆದಾಗ ಅಮೃತಕ್ಕೆ ಮೊದಲು ಹಾಲಾಹಲ ಹೊರಬಂದಿತು. ಅಮೃತಕ್ಕಾಗಿ ಕಾದಿದ್ದವರೆಲ್ಲ ಹಿಂದೆ ಸರಿದರು. ಶಿವನೊಬ್ಬನು ಅದನ್ನು ಕುಡಿದು ಕೊರಳಿನಲ್ಲಿಯೇ ನಿಲ್ಲಿಸಿಕೊಂಡನು. ಆ ಕೊರಳನ್ನು ಕಂಡು ಸಂಸ್ಕೃತವು ‘ಶ್ರೀಕಂಠ’ ಎಂದಿತು. ಕಂಠದಲ್ಲಿ ಶೋಭೆಯುಳ್ಳವನು ಎಂದರ್ಥ. ಕಪಿಲೆಯ ತೀರದ ನಂಜನಗೂಡಿನಲ್ಲಿ ಇಬ್ಬರೂ ಒಬ್ಬನೇ: ಜನರಿಗೆ ನಂಜುಂಡೇಶ್ವರ, ಶಾಸ್ತ್ರಕ್ಕೆ ಶ್ರೀಕಂಠೇಶ್ವರ. ತನ್ನ ಆನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಐತಿಹ್ಯವೂ ಉಂಟು. ವಿಷ ಉಂಡವನೇ ವೈದ್ಯನಾದನು!

ಜಪಾನೀಯರಲ್ಲಿ ‘ಹಾರುಕೊ’ ಎಂಬ ಹೆಣ್ಣುಮಕ್ಕಳ ಹೆಸರೊಂದಿದೆ. ಅದನ್ನು ಒಂದು ಬಗೆಯ ಲಿಪಿಚಿಹ್ನೆಯಿಂದ ಬರೆದರೆ ವಸಂತದ ಮಗಳು. ಇನ್ನೊಂದರಿಂದ ಬರೆದರೆ ತಿಳಿಯಾದ ಆಗಸದ ಮಗಳು. ಅಲ್ಲಿ ಉಚ್ಚಾರ ಒಂದು, ಅರ್ಥ ಹಲವು. ನಮ್ಮಲ್ಲಿ ದೇವರು ಒಬ್ಬ, ಹೆಸರು ಎರಡು. ಆದರೆ ಎರಡೂ ಹೇಳುವ ಮಾತು ಒಂದೇ ಅಲ್ಲ. ಶ್ರೀಕಂಠನೆಂಬ ಹೆಸರು ಕೊರಳಿನ ಚೆಲುವನ್ನು ಹೇಳುತ್ತದೆ. ನಂಜುಂಡನೆಂಬ ಹೆಸರು ಆ ಚೆಲುವು ಬಂದ ಬಗೆಯನ್ನು ಹೇಳುತ್ತದೆ.

ನಮ್ಮ ಸೀಮೆಯಲ್ಲಿ ಈ ಎರಡು ಹೆಸರುಗಳೂ ಒಂದೇ ಮನೆಯಲ್ಲಿ ಬಾಳಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರ ಹೆಸರಿನಲ್ಲಿ ‘ತೀ’ ಎಂದರೆ ಊರು, ‘ನಂ’ ಎಂದರೆ ತಂದೆ ನಂಜುಂಡಯ್ಯನವರು. ತಂದೆಯ ಕನ್ನಡದ ಹೆಸರು ಮಗನಲ್ಲಿ ಸಂಸ್ಕೃತವಾಯಿತು. ಆ ಮಗ 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪ್ರಕಟಿಸಿ ಸಂಸ್ಕೃತದ ಕಾವ್ಯವಿಚಾರವನ್ನು ತಿಳಿಗನ್ನಡಕ್ಕೆ ತಂದರು. ಸಾಲವು ಬಡ್ಡಿಸಹಿತ ಸಂದಾಯವಾಯಿತೆನ್ನೋಣವೆ? ಅವರ ಗುರುಗಳಾದ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಕನ್ನಡಿಗರು ಅಕ್ಕರೆಯಿಂದ ‘ಶ್ರೀ’ ಎಂದು ಕರೆದ ಇಬ್ಬರೂ ಈ ಮಣ್ಣಿನಲ್ಲಿ ಕಣ್ದೆರೆದವರು.

ಇನ್ನು ನಂಜುಂಡನ ಬಳಗವೇನು ಸಣ್ಣದೆ? 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿಗೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೂ ಮೊದಲಿಗರಾಗಿ ನಿಂತವರು ಎಚ್.ವಿ. ನಂಜುಂಡಯ್ಯನವರು. ಭಟ್ಟರು, ಆರಾಧ್ಯರು, ಗೌಡರು, ಕೂಲಿಯವರು ಎಲ್ಲರೂ ಈ ಹೆಸರನ್ನು ತಮ್ಮದೆಂದುಕೊಂಡರು. ಹೆಣ್ಣುಮಕ್ಕಳಲ್ಲಿ ಅದು ನಂಜಮ್ಮನಾಯಿತು. 1970ರಲ್ಲಿ ಪ್ರಕಟವಾದ ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರು, ಕೈಲಾಗದ ಗಂಡನ ಪರವಾಗಿ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರವನ್ನು ಎಳೆದ ನಂಜಮ್ಮನನ್ನು ಮರೆಯಲಾರರು. ಆಕೆಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು?

ಕಳೆದ ವರ್ಷ ನನಗೆ ಮಗ ಹುಟ್ಟಿದಾಗ ಈ ವಿಚಾರ ಪುಸ್ತಕದಿಂದಿಳಿದು ನಮ್ಮ ನಡುಮನೆಗೇ ಬಂದಿತು. ತಂದೆಯವರು ತೀರಿಕೊಂಡು ಆಗ ಆರು ತಿಂಗಳು. ಅವರ ಹೆಸರು ನಂಜುಂಡಯ್ಯ. ತಾತನ ಹೆಸರು ಮೊಮ್ಮಗನಿಗೆ ಸಲ್ಲಬೇಕೆಂಬುದು ತಾಯಿಯ ಆಸೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಹೆಂಡತಿಗೆ ಅಳುಕು.

“ಅತ್ತೆ, ಶಾಲೆಯಲ್ಲಿ ಮಕ್ಕಳು ಬರೀ ‘ನಂಜು’ ಎಂದು ಕರೆದರೆ? ಗಾಯ ನಂಜಾಯಿತು ಎನ್ನುವುದಿಲ್ಲವೆ? ಶ್ರೀಕಂಠ ಎಂದಿಟ್ಟರೂ ಅದೇ ದೇವರು ತಾನೆ?” ಎಂದಳು.

ಕನ್ನಡ ಎಂ.ಎ. ಮಾಡಿದ ನಾನು ಎರಡು ಕಡೆಗೂ ತಲೆಯಾಡಿಸಿದೆ.

“ನಂಜು ಎಲ್ಲರ ಮನೆಯಲ್ಲೂ ಇರುತ್ತದೆ ಕಣಮ್ಮ. ಉಂಡವರು ಎಷ್ಟು ಜನ?” ಎಂದ ತಾಯಿ, ನಾನೂ ಕೇಳಿರದಿದ್ದ ಕಥೆಯೊಂದನ್ನು ಹೇಳಿದರು. ಅಣ್ಣತಮ್ಮಂದಿರು ಭಾಗವಾದಾಗ ನೀರಿದ್ದ ತೋಟಕ್ಕಾಗಿ ಮಾತಿಗೆ ಮಾತು ಬೆಳೆದು, ವ್ಯಾಜ್ಯವು ಕೋರ್ಟಿನ ಬಾಗಿಲಿಗೆ ಹೋಗುವುದರಲ್ಲಿತ್ತಂತೆ. ಒಂದು ಬೆಳಗ್ಗೆ ತಂದೆಯವರು ಬಾವಿ ಬತ್ತಿದ ತೋಟವನ್ನು ತಮ್ಮ ಪಾಲಿಗೆ ಬರೆಸಿಕೊಂಡು ಎದ್ದು ಬಂದರು. ಎರಡು ಬೇಸಿಗೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳನ್ನು ಉಳಿಸಿದರು. ಆ ಸಂಗತಿಯನ್ನು ಮಕ್ಕಳೆದುರಿಗೆ ಎತ್ತಲಿಲ್ಲ. ಚಿಕ್ಕಪ್ಪನೊಡನೆ ಹಬ್ಬದೂಟವನ್ನೂ ಬಿಡಲಿಲ್ಲ.

“ಉಗುಳಿದ್ದರೆ ಮನೆ ಸುಡುತ್ತಿತ್ತು, ನುಂಗಿದ್ದರೆ ಅವರನ್ನೇ ಸುಡುತ್ತಿತ್ತು. ಕೊರಳಲ್ಲಿ ಇಟ್ಟುಕೊಂಡರು” ಎಂದರು ತಾಯಿ.

ನನ್ನ ಹೆಂಡತಿ ಮಗುವನ್ನು ಮಡಿಲಿನಿಂದ ಭುಜಕ್ಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ನನ್ನ ಕಡೆ ತಿರುಗಿ, “ನಂಜುಂಡ ಎಂದೇ ಬರೆಸಿ” ಎಂದಳು. ಜನನ ಪತ್ರದಲ್ಲಿ ಹಾಗೆಯೇ ಬರೆಸಿದೆ. ಮಗನನ್ನು ನಾಳೆ ಯಾರಾದರೂ ‘ನಂಜು’ ಎಂದು ಕರೆದರೆ ಕರೆಯಲಿ. ಉಳಿದರ್ಧವನ್ನು ಹೇಳಿಕೊಡಲು ಮನೆಯಲ್ಲಿ ಅಜ್ಜಿಯಿದ್ದಾರೆ.

ಹೆಸರಿನ ಹಿಂದೆಯೋ ಮುಂದೆಯೋ ಒಂಟಿಯಾಗಿ ನಿಂತ ಅಕ್ಷರವೊಂದು ವಾಚಕರ ಮನೆಗಳಲ್ಲಿಯೂ ಇದ್ದೀತು. ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅದನ್ನು ಬಿಡಿಸಿ ಹೇಳಬಾರದೆ?