ಗಾಡಿಯ ಒಳಗೋಡೆ

ಗೋಡೆಗೂ ಕಿವಿಯುಂಟು ಎಂದು ಹಿರಿಯರು ಎಚ್ಚರಿಸುತ್ತಿದ್ದುದು ನಿಂತ ಮನೆಯ ವಿಷಯದಲ್ಲಿ. ಗಾಲಿಯ ಮೇಲೆ ಓಡುವ ಮನೆಯ ಗೋಡೆಗೆ ಕಿವಿಗಿಂತ ಹೆಚ್ಚಾಗಿ ಬಾಯಿಯುಂಟು. ಒಳಗೆ ಮಲಗಿದವರ ಉಸಿರನ್ನೆಲ್ಲ ಅದು ಕುಡಿಯುತ್ತದೆ. ಈ ಸಂಗತಿಯನ್ನು ಅರಿಯದೆ ಅಂಥ ಗೋಡೆಗೆ ಚೆಂದದ ಹೊದಿಕೆ ಆರಿಸಲು ಹೊರಟವರ ಪಾಡು, ಚಪ್ಪರದ ಅಲಂಕಾರ ನೋಡಿ ಸಂಬಂಧ ಬೆಳೆಸಿದವರ ಪಾಡಿನಂತೆ.

ಮನೆಯನ್ನು ಗಾಡಿಯೊಳಗೆ ಕೂರಿಸಿಕೊಂಡು ದೇಶ ಸುತ್ತುವ ಹವ್ಯಾಸ ಯೂರೋಪಿನಲ್ಲಿ ಹೊಸದಲ್ಲ. ಜರ್ಮನಿಯ ವೋಕ್ಸ್‌ವಾಗನ್ ಕಾರ್ಖಾನೆಯಿಂದ 1950ರಲ್ಲಿ ಹೊರಬಂದ ಮೊಂಡು ಮೂತಿಯ ವ್ಯಾನಿಗೆ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಮಲಗುವುದಕ್ಕೂ ಅಡಿಗೆಗೂ ಬೇಕಾದ ಸಲಕರಣೆಗಳನ್ನು ಜೋಡಿಸಿಕೊಟ್ಟಿತು. ಇಂದು ಇಂಗ್ಲೆಂಡಿನಲ್ಲಿ ಸಾಮಾನು ಹೊತ್ತು ಸವೆದ ಹಳೆಯ ವ್ಯಾನನ್ನು ಕೊಂಡು, ಶನಿವಾರ ಭಾನುವಾರಗಳಲ್ಲಿ ತಾವೇ ಗರಗಸ ಹಿಡಿದು ಅದನ್ನು ಮನೆ ಮಾಡಿಕೊಳ್ಳುವವರು ಎಷ್ಟೋ ಮಂದಿ. ಯಾರ್ಕ್‌ಷೈರಿನ ಲೀಡ್ಸ್ ನಗರದಲ್ಲಿ ನೆಲಸಿರುವ, ಸಾಗರದ ಕಡೆಯ ದಂಪತಿಗಳೊಬ್ಬರು ಈ ಗುಂಪಿಗೆ ಸೇರಿದವರು. ನೆಲ, ಕಿಟಕಿ, ಒಲೆ, ಹಾಸಿಗೆ ಇವೆಲ್ಲ ಕೆಲವೇ ಭಾನುವಾರಗಳಲ್ಲಿ ತೀರ್ಮಾನವಾದವು. ಗೋಡೆಯೊಂದು ಮಾತ್ರ ಇಡೀ ಚಳಿಗಾಲವನ್ನು ನುಂಗಿತು.

ಅಂಥ ವ್ಯಾನಿನ ಒಳಗೆ ಇರುವುದು ಬರಿಯ ಉಕ್ಕಿನ ತಗಡು; ನಡುನಡುವೆ ಪಕ್ಕೆಲುಬಿನಂತೆ ಪಟ್ಟಿಗಳು. ಚಳಿಗಾಲದ ರಾತ್ರಿ ಮುಟ್ಟಿದರೆ ಬೆರಳು ಸೆಟೆಯುತ್ತದೆ. ಬೇಸಗೆಯ ಬಿಸಿಲಿನಲ್ಲಿ ಮಾಡು ದೋಸೆಯ ಕಾವಲಿಯಾಗುತ್ತದೆ. ಗೋಡೆ ನೆಟ್ಟಗಾದರೂ ಇದೆಯೆ? ಅದೂ ಇಲ್ಲ, ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ. ಇದಕ್ಕೆ ಏನನ್ನು ಹೊದಿಸಬೇಕು?

ಮರವನ್ನೇ ಹೊದಿಸಬೇಕೆಂಬುದು ಯಜಮಾನರ ಹಠ. ಅವರ ಕಣ್ಣ ಮುಂದೆ ಇದ್ದುದು ಸಾಗರದ ಮನೆಯ ಮುಚ್ಚಿಗೆ: ಎಣ್ಣೆ ತಿಂದು, ಹೊಗೆ ತಿಂದು, ಕನ್ನಡಿಯಂತೆ ಮಿರುಗುತ್ತಿದ್ದ ಕರಿಗೆಂಪು ಹಲಗೆಗಳು. ಬಾಲ್ಯದಲ್ಲಿ ಜ್ವರ ಬಂದು ಮಲಗಿದಾಗಲೆಲ್ಲ ಅವರು ಆ ಹಲಗೆಗಳನ್ನು ಎಣಿಸಿದ್ದರು. ಆ ಮನೆ ಈಗ ಪರರದು. ಮಗ ಇಂಗ್ಲೆಂಡಿಗೆ ಓದಲು ಹೊರಟ ವರ್ಷ ಅದು ಮಾರಾಟವಾಯಿತು. ಮನೆಯವರು ಯಾರೂ ಈ ಎರಡು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಆಡುವುದಿಲ್ಲ.

ಮನೆಯಾಕೆ ಲೆಕ್ಕದಲ್ಲಿ ಗಟ್ಟಿಗರು. 12 ಮಿಲಿಮೀಟರ್ ದಪ್ಪದ ಸಾಗುವಾನಿ ಹಲಗೆ ಚದರ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ. ಗೋಡೆ ಮಾಡು ಸೇರಿ 20 ಚದರ ಮೀಟರ್ ಎಂದರೆ 160 ಕಿಲೋ. ಇಬ್ಬರು ದಪ್ಪ ನೆಂಟರನ್ನು, ಅವರು ಏನೂ ಕೆಲಸ ಮಾಡದಿದ್ದರೂ, ಸದಾಕಾಲ ಹೊತ್ತು ತಿರುಗಿದಂತೆ. ಅಲ್ಲಿ 1997ರ ಈಚೆಗೆ ಕಾರಿನ ಲೈಸೆನ್ಸು ಪಡೆದವರು ಡೀಸೆಲ್ ವ್ಯಾನು ನಡೆಸುವುದಾದರೆ, ಸಾಮಾನು ಜನ ಎಲ್ಲ ಸೇರಿ 3,500 ಕಿಲೋ ಮೀರುವಂತಿಲ್ಲ. ನೀರಿನ ತೊಟ್ಟಿ, ಬ್ಯಾಟರಿ, ಪಾತ್ರೆಪಡಗ ಏರಿದ ಮೇಲೆ ಆ ಮಿತಿ ಬಹಳ ದೂರವೇನೂ ಇರುವುದಿಲ್ಲ. ಬರ್ಚ್ ಮರದ 6 ಮಿಲಿಮೀಟರ್ ಪ್ಲೈವುಡ್ಡಾದರೆ ಚದರ ಮೀಟರಿಗೆ 4 ಕಿಲೋ. ಪಾಪ್ಲರ್ ಮರದ್ದಾದರೆ ಎರಡೂವರೆಯ ಆಸುಪಾಸು.

ಆಕೆಯ ಒಲವು ಮಾತ್ರ ಈ ಯಾವುದರ ಮೇಲೂ ಇರಲಿಲ್ಲ. ನಾಲ್ಕೂ ಕಡೆಗೆ ಹಿಗ್ಗುವ, ಕಂಬಳಿಯಂಥ ಒಂದು ಪಾಲಿಯೆಸ್ಟರ್ ಬಟ್ಟೆ ಇದೆ. ಅಂಟು ಸಿಂಪಡಿಸಿ ಎಳೆದು ಮೆತ್ತಿದರೆ ಎಂಥ ಬಾಗಿಗೂ ಚರ್ಮದಂತೆ ಕೂರುತ್ತದೆ. ಹಗುರ, ಅಗ್ಗ, ಗಾಡಿಯ ಸದ್ದನ್ನೂ ಅಷ್ಟಿಷ್ಟು ನುಂಗುತ್ತದೆ. ಆದರೆ ಸಾಮಾನ್ಯ ಅಂಟು ಕಾದ ಮಾಡಿನಡಿಯಲ್ಲಿ ಮೆತ್ತಗಾಗಿ ಬಟ್ಟೆ ಜೋಲುಬೀಳುವುದುಂಟು. ಇನ್ನೊಂದು ಕಷ್ಟ ಇಂಗ್ಲಿಷರಿಗೆ ತಿಳಿಯದು: ಇಂಗಿನ ಒಗ್ಗರಣೆ. ಒಂದು ಸಲ ಹಾಕಿದ ಒಗ್ಗರಣೆಯನ್ನು ಆ ಬಟ್ಟೆ ಮುಂದಿನ ಊರಿನವರೆಗೂ ಮರೆಯುವುದಿಲ್ಲ.

ವಾದ ಹೀಗೆ ನಿಂತಿರುವಾಗ ಮಾರ್ಚ್ ತಿಂಗಳಿನಲ್ಲಿ ಯಜಮಾನರ ತಂದೆ ಊರಿನಿಂದ ಬಂದರು. ವಯಸ್ಸು 74. ಸಾಗರದ ಮರಕೊಯ್ಯುವ ಮಿಲ್ಲಿನಲ್ಲಿ ಆಯುಸ್ಸಿನ ಬಹುಪಾಲು ಲೆಕ್ಕ ಬರೆದವರು; ಅದರ ಬಳುವಳಿಯಾಗಿ ಉಬ್ಬಸ. ಜುಲೈಯಲ್ಲಿ ಅವರನ್ನೂ ಕೂರಿಸಿಕೊಂಡು ಸ್ಕಾಟ್ಲೆಂಡಿಗೆ ಹೋಗುವುದೆಂದು ಗೊತ್ತಾದ ಮೇಲೆ, ಗೋಡೆಯ ಮಾತು ಅಂದಚೆಂದದ ಮಾತಾಗಿ ಉಳಿಯಲಿಲ್ಲ. ಅಂಟಿನ ವಾಸನೆಯ ಬಟ್ಟೆ ಆ ದಿನವೇ ಬಿದ್ದುಹೋಯಿತು.

ಮಗ ಹಿಗ್ಗಿನಿಂದ ಸೀಡರ್ ಮರದ ಒಂದು ತುಂಡನ್ನು ತಂದು ತಂದೆಯ ಕೈಗಿತ್ತರು. ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಸೀಡರ್ ಸಾಗುವಾನಿಯ ಅರ್ಧದಷ್ಟೇ ತೂಗುವ ಮರ, ಪರಿಮಳವೂ ಉಂಟು. ವೃದ್ಧರು ಮೂಸಿ ನೋಡಿ, ಅದನ್ನು ಮೇಜಿನ ಆ ತುದಿಗೆ ಸರಿಸಿದರು.

“ಇದನ್ನು ಕೊಯ್ಯುವವರಿಗೆ ದಮ್ಮು ಬರುವುದಿಲ್ಲವೆ?” ಎಂದರು.

ಬರುತ್ತದೆ. ಈ ಮರದಲ್ಲಿರುವ ಪ್ಲಿಕ್ಯಾಟಿಕ್ ಆಮ್ಲದಿಂದ ಮಿಲ್ಲಿನ ಕೆಲಸಗಾರರಿಗೆ ಉಬ್ಬಸ ಹಿಡಿಯುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ವೃದ್ಧರು ವೈದ್ಯಗ್ರಂಥ ಓದಿದವರಲ್ಲ; ಬೀಟೆಯ ಧೂಳನ್ನು ಕುಡಿದವರು. ಗೋಡೆಗೆ ಕೂತ ಹಲಗೆಗಿಂತ ಕೊಯ್ಯುವಾಗ ಏಳುವ ಪುಡಿಯೇ ಹೆಚ್ಚು ಅಪಾಯವೆಂಬುದು ನಿಜ. ಆದರೆ ಕೊಯ್ಯುವ ಕೆಲಸವೆಲ್ಲ ನಡೆಯಬೇಕಾಗಿದ್ದುದು ಆ ಗಾಡಿಯೊಳಗೇ.

ಏಪ್ರಿಲಿನ ಒಂದು ರಾತ್ರಿ ಮೂವರೂ ಪರೀಕ್ಷಾರ್ಥವಾಗಿ ಮನೆಯ ಮುಂದೆಯೇ ಗಾಡಿಯೊಳಗೆ ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಬರಿಯ ತಗಡಿನ ಮೈತುಂಬ ಹನಿ, ಹಿಂಬಾಗಿಲಿನ ಬುಡದಲ್ಲಿ ನೀರಿನ ಗೆರೆ. ಮಳೆ ಬಂದಿರಲಿಲ್ಲ. ಮೂವರು ಒಂದು ರಾತ್ರಿಯಲ್ಲಿ ಉಸಿರಿನಿಂದಲೂ ಮೈಯಿಂದಲೂ ಬಿಡುವ ನೀರು ಸುಮಾರು ಒಂದು ಲೀಟರ್. ಒಲೆ ಹಚ್ಚಿದರೆ ಅದರ ಪಾಲು ಬೇರೆ. ಒಂದು ಕಿಲೋ ಪ್ರೊಪೇನ್ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಹಲಗೆ ಹೊಡೆದ ಮಾತ್ರಕ್ಕೆ ಈ ನೀರು ಹುಟ್ಟದಿರುವುದಿಲ್ಲ. ಸಂದುಗಳಲ್ಲಿ ನುಸುಳಿ, ಹಲಗೆಯ ಹಿಂದಿನ ತಣ್ಣನೆಯ ಉಕ್ಕನ್ನು ಮುಟ್ಟಿ, ಅಲ್ಲಿ ಹನಿಯಾಗುತ್ತದೆ. ಮುಂದಿನದು ತುಕ್ಕು, ಬೂಷ್ಟು. ಬೂಷ್ಟಿನ ಹಿಂದೆಯೇ ಉಬ್ಬಸ. ಮನುಷ್ಯನ ಉಸಿರು ಗೋಡೆಯೊಳಗೆ ಹೊಕ್ಕು, ಕೆಟ್ಟು, ಮತ್ತೆ ಅವನ ಎದೆಗೇ ಬರುತ್ತದೆ.

ಇದಕ್ಕೆ ಪರಿಹಾರವೇನೆಂಬ ಬಗ್ಗೆ ವ್ಯಾನು ಕಟ್ಟುವವರಲ್ಲಿ ನಡೆಯುವ ವಾದ ದ್ವೈತಾದ್ವೈತಗಳ ವಾದಕ್ಕಿಂತ ಉದ್ದ. ಆವಿ ದಾಟದಂತೆ ಹಾಳೆ ಬಿಗಿಯಬೇಕೆನ್ನುವವರು ಒಂದು ಪಂಗಡ, ಗೋಡೆ ಉಸಿರಾಡಲೆನ್ನುವವರು ಇನ್ನೊಂದು. ಮಾಡಿನಲ್ಲಿ ಗಾಳಿಗೂಡು ಇರಲೇಬೇಕೆಂಬಲ್ಲಿ ಮಾತ್ರ ಎರಡು ಪಂಗಡಕ್ಕೂ ಒಮ್ಮತ. ದಂಪತಿಗಳು ತಗಡಿನ ಒಳಮೈಗೆ ಕುರಿಯ ಉಣ್ಣೆಯನ್ನು ತುಂಬಿದರು. ಯಾರ್ಕ್‌ಷೈರು ಉಣ್ಣೆಯ ಸೀಮೆಯಷ್ಟೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಯೂ ಒದ್ದೆಯೆನಿಸದೆ, ಗಾಳಿ ಒಣಗಿದಾಗ ಬಿಟ್ಟುಕೊಡುವ ಗುಣವುಳ್ಳದ್ದು.

ಅದರ ಮೇಲೆ ಪಾಪ್ಲರ್ ಪ್ಲೈವುಡ್ಡೆಂದು ಕೊನೆಗೂ ನಿರ್ಧಾರವಾಯಿತು. ಒಲೆಯ ಹಿಂದಕ್ಕೆ ಸ್ಟೀಲಿನ ತಗಡು. ಅದರಲ್ಲಿ ಚರ್ಚೆಯೇ ಇಲ್ಲ. ಒಂದು ಮೊಳೆಯೂ ಕಾಣದಂತೆ ಹಲಗೆಗಳನ್ನೆಲ್ಲ ಅಂಟಿನಿಂದ ಕೂರಿಸಬೇಕೆಂದು ಮಗ ಗುರುತು ಹಾಕುತ್ತಿದ್ದರು.

“ಅಂಟಿಸಿದ ಮೇಲೆ ಹಿಂದುಗಡೆ ಏನಾಗಿದೆಯೆಂದು ನೋಡುವುದು ಹೇಗೆ, ಮಗಾ?” ಎಂದು ವೃದ್ಧರು ಕೇಳಿದರು.

“ನೋಡುವುದು ಯಾಕೆ, ಅಪ್ಪಯ್ಯ? ನಮ್ಮ ಮುಚ್ಚಿಗೆಯಲ್ಲಿ ಒಂದಾದರೂ ಮೊಳೆ ಕಾಣುತ್ತಿತ್ತೆ?”

ಮುಚ್ಚಿಗೆಯ ಹೆಸರು ಅಷ್ಟು ವರ್ಷಗಳ ಮೇಲೆ ತಂದೆಮಕ್ಕಳ ನಡುವೆ ಬಂದುದು ಅದೇ ಮೊದಲು. ವೃದ್ಧರು ಪೆನ್ಸಿಲನ್ನು ಕೆಳಗಿಟ್ಟರು.

“ನೀನು ಅದನ್ನು ಕೆಳಗಿನಿಂದ ನೋಡಿದವನು. ಮೇಲೆ ಹತ್ತಿ ನೋಡಿದವನು ನಾನೊಬ್ಬನೇ. ಒಡೆದ ಹೆಂಚಿನಿಂದ ಮೂರು ಮಳೆಗಾಲ ನೀರು ಕುಡಿದು, ಮೇಲುಮೈಯೆಲ್ಲ ಕುಂಬಾಗಿತ್ತು. ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ಅದರ ದುರಸ್ತಿಗೆ ಸಾಲ ಮಾಡುವುದೋ ಮನೆಯನ್ನೇ ಮಾರಿ ನಿನ್ನ ಓದಿಗೆ ಕೊಡುವುದೋ ಎಂದಾಗ ನನಗೆ ಬಹಳ ಯೋಚನೆಯೇನೂ ಬೇಕಾಗಲಿಲ್ಲ.”

ಮಗ ಮಾತಾಡಲಿಲ್ಲ. ಸೊಸೆ ಅಂಟಿನ ಡಬ್ಬವನ್ನು ಎತ್ತಿ ಒಳಗೆ ಇಟ್ಟು ಬಂದು, “ಹಾಗಾದರೆ ತಿರುಪೇ ಇರಲಿ, ಮಾವ. ಕಂಡರೆ ಕಾಣಲಿ” ಎಂದರು.

ಹಲಗೆ ತಗಡಿಗೆ ತಾಗಿ ಕಿರುಗುಟ್ಟದಂತೆ ನಡುವೆ ಉಣ್ಣೆಬಟ್ಟೆಯ ಪಟ್ಟಿಯಿಟ್ಟು, ತುಕ್ಕು ಹಿಡಿಯದ ಸ್ಟೀಲಿನ ತಿರುಪುಗಳಿಂದ ಹಲಗೆಗಳನ್ನು ಬಿಗಿದರು. ತಿರುಪಿನ ತಲೆಗಳು ಸಾಲಾಗಿ ಕಾಣುತ್ತವೆ. ನೋಡಿದ ಸ್ನೇಹಿತರಲ್ಲಿ ಕೆಲವರು ಕೆಲಸ ಪೂರ್ತಿಯಾಗಿಲ್ಲವೆಂದು ಭಾವಿಸಿದರು.

ಜುಲೈಯಲ್ಲಿ ಸ್ಕಾಟ್ಲೆಂಡಿನ ಲೋಮಂಡ್ ಸರೋವರದ ಬಳಿ ತಂಗಿದ್ದ ಎರಡನೆಯ ಬೆಳಗ್ಗೆ, ರಾತ್ರಿಯೆಲ್ಲ ಸುರಿದ ಮಳೆ ಆಗತಾನೆ ನಿಂತಿತ್ತು. ವೃದ್ಧರು ಎಲ್ಲರಿಗಿಂತ ಮೊದಲು ಎದ್ದು, ತಮ್ಮ ತಲೆದಿಂಬಿನ ಪಕ್ಕದ ಹಲಗೆಯ ನಾಲ್ಕು ತಿರುಪು ಬಿಚ್ಚಿ, ಸಂದಿನಲ್ಲಿ ಕೈಯಿಟ್ಟು ಉಣ್ಣೆಯನ್ನು ಹಿಸುಕಿ ನೋಡಿದರು. ಒಣಗಿಯೇ ಇತ್ತು. ತಿರುಪುಗಳನ್ನು ಮತ್ತೆ ಬಿಗಿದು, ಮೇಲಿನ ಸಾಲಿನಲ್ಲಿ ಸಡಿಲವಾಗಿದ್ದ ಇನ್ನೆರಡನ್ನೂ ಬಿಗಿದು, ಕಾಫಿಯಾಯಿತೇ ಎಂದು ಸೊಸೆಯನ್ನು ಕೇಳಿದರು.