ಗಾಳಿ ತೆಳುವಾಗುವ ದಾರಿಯಲ್ಲಿ

ಅಮೆರಿಕದ ನಡುವಿನ ವಿಶಾಲ ಬಯಲು ಪಶ್ಚಿಮಕ್ಕೆ ಸಾಗುತ್ತ ಕೊಲೊರಾಡೊ ರಾಜ್ಯದಲ್ಲಿ ಥಟ್ಟನೆ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ರಾಕಿ ಪರ್ವತಗಳ ಸಾಲು. ಬಯಲೂ ಬೆಟ್ಟವೂ ಕೂಡುವ ಅಂಚಿನಲ್ಲಿರುವ ಊರು ಕೊಲೊರಾಡೊ ಸ್ಪ್ರಿಂಗ್ಸ್. ಊರೇ ಸಮುದ್ರಮಟ್ಟದಿಂದ ಸುಮಾರು 1,840 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ನಮ್ಮ ಬೆಟ್ಟ ಮುಗಿಯುವ ಎತ್ತರದಲ್ಲಿ ಅಲ್ಲಿನ ಬೆಟ್ಟ ಇನ್ನೂ ಶುರುವಾಗುತ್ತಿರುತ್ತದೆ! ಊರಿನ ಪಶ್ಚಿಮಕ್ಕೆ ಎದ್ದು ನಿಂತಿರುವ ಆ ಬೆಟ್ಟವೇ ಪೈಕ್ಸ್ ಪೀಕ್. ಎತ್ತರ 4,302 ಮೀಟರ್.

ಬೆಟ್ಟದ ನೆತ್ತಿಯವರೆಗೂ ಕಾರಿನಲ್ಲೇ ಹೋಗಬಹುದು. ಈ ದಾರಿಯಲ್ಲಿ 1916ರಿಂದ ಕಾರುಗಳ ಓಟದ ಸ್ಪರ್ಧೆ ನಡೆದುಬಂದಿದೆ. ಪ್ರವಾಸಿಗಳು ಕಣಿವೆಯ ಚೆಲುವು ನೋಡಲು ಏರಿದರೆ, ಎಂಜಿನ್ ಕಟ್ಟುವವರು ಏರುವುದು ಬೇರೆಯೇ ಕಾರಣಕ್ಕೆ. ಕಾರಿನ ಎಂಜಿನ್ನು ಗಾಳಿಯನ್ನು ಎಷ್ಟು ಚೆನ್ನಾಗಿ ಅಳೆಯಬಲ್ಲುದು ಎಂಬುದನ್ನು ಇಷ್ಟು ನಿಷ್ಠುರವಾಗಿ ಪರೀಕ್ಷಿಸುವ ರಸ್ತೆ ಇನ್ನೊಂದು ಸಿಗುವುದು ಕಷ್ಟ.

ಸೋತವನ ಹೆಸರಿನ ಬೆಟ್ಟ

ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರಿಗೆ ಇದು ತಾವಾ, ಅಂದರೆ ಸೂರ್ಯನ ಬೆಟ್ಟ. 1806ರಲ್ಲಿ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ ಇದನ್ನು ಏರಲು ಹೊರಟು, ಹಿಮಕ್ಕೆ ಸೋತು ಹಿಂದಿರುಗಿದ. ಏರಲಾಗದವನ ಹೆಸರೇ ಬೆಟ್ಟಕ್ಕೆ ನಿಂತಿತು. 1891ರಲ್ಲಿ ಹಲ್ಲುಹಳಿಯ ರೈಲು ನೆತ್ತಿ ಮುಟ್ಟಿತು. 1893ರಲ್ಲಿ ಮೇಲಕ್ಕೆ ಹೋಗಿ ಬಂದ ಇಂಗ್ಲಿಷ್ ಅಧ್ಯಾಪಕಿ ಕ್ಯಾಥರೀನ್ ಲೀ ಬೇಟ್ಸ್, ಕಂಡ ನೋಟದಿಂದ ಪ್ರೇರಿತರಾಗಿ ಬರೆದ ಪದ್ಯವನ್ನು ಅಮೆರಿಕದ ಶಾಲೆಗಳಲ್ಲಿ ಇಂದಿಗೂ ಹಾಡುತ್ತಾರೆ. ಗಣಿ ಉದ್ಯಮದಲ್ಲಿ ಹಣ ಗಳಿಸಿದ್ದ ಸ್ಪೆನ್ಸರ್ ಪೆನ್‌ರೋಸ್ 1915ರಲ್ಲಿ ಕಾರಿನ ದಾರಿ ಮಾಡಿಸಿದ. ಅದರ ಪ್ರಚಾರಕ್ಕೆಂದು ಮರುವರ್ಷ ಓಟದ ಸ್ಪರ್ಧೆ ಏರ್ಪಡಿಸಿದ. ಅಂದು ಗೆದ್ದ ರೀ ಲೆಂಟ್ಜ್ ತೆಗೆದುಕೊಂಡ ಸಮಯ 20 ನಿಮಿಷ 55.6 ಸೆಕೆಂಡು.

ಓಟದ ದಾರಿ ಸುಮಾರು 20 ಕಿಲೋಮೀಟರ್, ತಿರುವುಗಳು 156. ಆರಂಭದ ಗೆರೆ 2,862 ಮೀಟರ್ ಎತ್ತರದಲ್ಲಿ, ಕೊನೆಯ ಗೆರೆ ಬೆಟ್ಟದ ನೆತ್ತಿಯಲ್ಲಿ. ಮೊದಲ ಹಂತದಲ್ಲಿ ದಟ್ಟವಾದ ಸೂಚಿಪರ್ಣಿ ಕಾಡು. ಗ್ಲೆನ್ ಕೋವ್ ದಾಟಿದ ಮೇಲೆ ಮರಗಳು ಗಿಡ್ಡಗಾಗಿ, ವಿರಳವಾಗಿ, ಕೊನೆಗೆ ಇಲ್ಲವೇ ಇಲ್ಲ. ಡೆವಿಲ್ಸ್ ಪ್ಲೇಗ್ರೌಂಡ್, ಅಂದರೆ ದೆವ್ವದ ಆಟದ ಮೈದಾನ ಎಂಬಲ್ಲಿಗೆ ಬರುವ ಹೊತ್ತಿಗೆ ಸುತ್ತ ಬರೀ ಬಂಡೆ, ಹುಲ್ಲು, ಆಕಾಶ. ಎಷ್ಟೋ ಕಡೆ ರಸ್ತೆಯ ಅಂಚಿಗೆ ತಡೆಗೋಡೆಯೂ ಇಲ್ಲ. ಜೂನ್ ತಿಂಗಳಲ್ಲೂ ಮೇಲೆ ಆಲಿಕಲ್ಲೋ ಹಿಮವೋ ಬೀಳುವುದುಂಟು.

ಹದ ಕೆಡುವ ಬಗೆ

ನೆತ್ತಿಯ ವಿಶ್ರಾಂತಿ ಗೃಹದಲ್ಲಿ ಬಿಸಿಬಿಸಿ ಡೋನಟ್ ಮಾರುತ್ತಾರೆ. ನಮ್ಮ ವಡೆಯಂತೆ ನಡುವೆ ತೂತಿರುವ ಸಿಹಿತಿಂಡಿ. ಅದಕ್ಕೆಂದು ಆ ಎತ್ತರಕ್ಕೆ ಹೊಂದುವ ಬೇರೆಯೇ ಹದವಿದೆ. ಕೆಳಗಿನ ಊರಿನ ಅಳತೆ ಮೇಲೆ ನಡೆಯದು. ಕಾರಣ ಗಾಳಿಯ ಒತ್ತಡ. ನೆತ್ತಿಯಲ್ಲಿ ಅದು ಸಮುದ್ರಮಟ್ಟದ ಶೇಕಡ 60ರಷ್ಟು ಮಾತ್ರ. ನೀರು ಅಲ್ಲಿ ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಮೆಟ್ಟಿಲು ಹತ್ತಿದರೆ ನಮಗೂ ಏದುಸಿರು.

ಎಂಜಿನ್ನಿಗೂ ಇದೇ ಪಾಡು. ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ ಒಂದನ್ನು ತೆಗೆದುಕೊಳ್ಳಿ. ಒಂದೊಂದು ಸಿಲಿಂಡರಿನಲ್ಲಿ ಅರ್ಧ ಲೀಟರ್ ಜಾಗ. ಸಮುದ್ರಮಟ್ಟದಲ್ಲಿ ಅದರೊಳಗೆ ಹಿಡಿಯುವ ಗಾಳಿಯ ತೂಕ ಸುಮಾರು 0.6 ಗ್ರಾಂ, ಅದಕ್ಕೆ ಸಾಕಾಗುವ ಪೆಟ್ರೋಲ್ 41 ಮಿಲಿಗ್ರಾಂ. ಪೈಕ್ಸ್ ಪೀಕಿನ ನೆತ್ತಿಯಲ್ಲಿ, ಬಿಸಿ ಅಷ್ಟೇ ಇದ್ದರೆ, ಗಾಳಿ 0.36 ಗ್ರಾಂ, ಪೆಟ್ರೋಲ್ 24 ಮಿಲಿಗ್ರಾಂ. ಹೈಸ್ಕೂಲಿನಲ್ಲಿ ಕಲಿಯುವ ಅನಿಲ ನಿಯಮವಷ್ಟೇ ಇದು.

ಹಿಂದಿನ ಕಾರುಗಳ ಕಾರ್ಬ್ಯುರೇಟರಿಗೆ ಈ ಲೆಕ್ಕ ಬಾರದು. ಅದರೊಳಗಿನ ಜೆಟ್ಟಿನ ತೂತು ಎಷ್ಟು ದೊಡ್ಡದೋ ಅಷ್ಟೇ. ಮೇಲೆ ಹೋದಂತೆ ಗಾಳಿ ಕುಗ್ಗಿದ ಪ್ರಮಾಣದಲ್ಲಿ ಪೆಟ್ರೋಲ್ ಕುಗ್ಗದು; ಕಪ್ಪು ಹೊಗೆ ಬರುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಕೆಳಗಿನ ಕಾಡಿಗೆ ಹೊಂದಿಸಿದರೆ ಮೇಲಿನ ಬಂಡೆಗೆ ಆಗದು, ಮೇಲಕ್ಕೆ ಹೊಂದಿಸಿದರೆ ಕೆಳಕ್ಕೆ ಆಗದು. ಎರಡರ ನಡುವಿನ ಯಾವುದೋ ಒಂದು ಹದಕ್ಕೆ ಒಪ್ಪಿಕೊಂಡೇ ಓಡಬೇಕು.

ಕುಕ್ಕರ್ ಮತ್ತು ಟರ್ಬೊ

ಎತ್ತರದ ಊರುಗಳಲ್ಲಿ ಅಕ್ಕಿ ಬೇಯಿಸಲು ಮನೆಯವರು ಮಾಡುವುದೇನು? ಪ್ರೆಷರ್ ಕುಕ್ಕರ್ ಇಡುತ್ತಾರೆ. ಎಂಜಿನ್ನಿನವರೂ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಾರೆ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವ ಯಂತ್ರವೇ ಟರ್ಬೊಚಾರ್ಜರ್. 1980ರ ದಶಕದಲ್ಲಿ ಯುರೋಪಿನ ಟರ್ಬೊ ರ್‍ಯಾಲಿ ಕಾರುಗಳು ಈ ಬೆಟ್ಟಕ್ಕೆ ಬಂದವು. 1985ರಲ್ಲಿ ಫ್ರಾನ್ಸಿನ ಮಿಷೆಲ್ ಮೂಟಾನ್ ಆಡಿ ಕಾರಿನಲ್ಲಿ 11 ನಿಮಿಷ 25.39 ಸೆಕೆಂಡಿಗೆ ಏರಿ, ಇಡೀ ಸ್ಪರ್ಧೆಯನ್ನು ಗೆದ್ದ ಮೊದಲ ಮಹಿಳೆಯಾದರು. 1987ರಲ್ಲಿ ವಾಲ್ಟರ್ ರೋರ್ಲ್ 10 ನಿಮಿಷ 47.85 ಸೆಕೆಂಡು, ಮರುವರ್ಷ ಅರಿ ವಟಾನೆನ್ 10 ನಿಮಿಷ 47.22. ದಾರಿಯಾದರೋ ಆಗ ಬಹುಪಾಲು ಮಣ್ಣಿನದು!

ಕುಕ್ಕರಿನ ಹೋಲಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಕುಕ್ಕರಿನ ವೇಟ್ ಹೊರಗಿನ ಗಾಳಿಗಿಂತ ಇಷ್ಟು ಹೆಚ್ಚು ಎಂದು ಮಾತ್ರ ಒತ್ತಡ ಕಟ್ಟುತ್ತದೆ. ಸಮುದ್ರಮಟ್ಟದಲ್ಲಿ ಹೊರಗಿನದು 1, ವೇಟಿನದು 1, ಒಟ್ಟು 2. ಬೆಟ್ಟದ ಮೇಲೆ 0.6ಕ್ಕೆ 1 ಕೂಡಿದರೆ 1.6 ಮಾತ್ರ. ಟರ್ಬೊವಿನ ಒತ್ತಡ ಕಾಯುವ ಬರೀ ಸ್ಪ್ರಿಂಗ್ ಕವಾಟದ್ದೂ ಇದೇ ಕಥೆ. ಒಟ್ಟು 2 ಬೇಕೇ ಬೇಕೆಂದರೆ, ಕೆಳಗೆ ಗಾಳಿಯನ್ನು ಎರಡರಷ್ಟು ಒತ್ತುತ್ತಿದ್ದ ಟರ್ಬೊ ಮೇಲೆ ಮೂರರಷ್ಟಕ್ಕೂ ಮೀರಿ ಒತ್ತಬೇಕು. ಅದಕ್ಕೆ ಚಕ್ರ ಇನ್ನಷ್ಟು ವೇಗವಾಗಿ ತಿರುಗಬೇಕು. ಮಿತಿ ಮೀರಿದರೆ ಟರ್ಬೊ ಒಡೆದು ಚೂರಾಗುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸಲು ಒಂದು ಮಿದುಳು ಬೇಕು.

ಅಂಕಿಗಳ ಕೋಷ್ಟಕ

ಕಾರ್ಖಾನೆಯಿಂದ ಬರುವ ಕಾರಿನಲ್ಲೂ ಇಂಧನ ಅಳೆಯುವ ಕಂಪ್ಯೂಟರ್ ಇರುತ್ತದೆ. ಆದರೆ ಅದರ ಲೆಕ್ಕ ಆ ಎಂಜಿನ್ನಿಗಷ್ಟೇ. ಟರ್ಬೊ ಇಲ್ಲದ ಕಾರಿಗೆ ಟರ್ಬೊ ಕೂಡಿಸಿದರೆ ಅದರ ಒತ್ತಡದ ಸೆನ್ಸರಿಗೆ ಹೊರಗಾಳಿಯ ಒತ್ತಡಕ್ಕಿಂತ ಹೆಚ್ಚಿನದು ಕಾಣುವುದೇ ಇಲ್ಲ. ಗಾಳಿ ದುಪ್ಪಟ್ಟು ಬರುತ್ತಿರುತ್ತದೆ, ಪೆಟ್ರೋಲ್ ಹಳೆಯಷ್ಟೇ. ಆಗ ಮಿಶ್ರಣ ತೆಳ್ಳಗಾಗಿ, ಕಾವೇರಿ, ಪೆಟ್ರೋಲ್ ಹದವಾಗಿ ಉರಿಯುವ ಬದಲು ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ನಿಗೆ ತೂತು ಬಿದ್ದೀತು.

ಆದ್ದರಿಂದ ಹೊರಗಿನಿಂದ ಕೊಂಡು ಕೂಡಿಸುವ, ನಮಗೆ ಬೇಕಾದಂತೆ ಅಂಕಿ ತುಂಬಬಹುದಾದ ಕಂಪ್ಯೂಟರ್ ಪೆಟ್ಟಿಗೆಗಳು ಹುಟ್ಟಿಕೊಂಡವು. ವಿಶೇಷವೆಂದರೆ ಇವುಗಳಲ್ಲಿ ಹೆಸರಾದ ಹಲವು ಬಂದದ್ದು ಭೂಮಿಯ ದಕ್ಷಿಣ ತುದಿಯಿಂದ: ಸಿಡ್ನಿಯಲ್ಲಿ 1986ರಲ್ಲಿ ಹಾಲ್‌ಟೆಕ್, ಮೆಲ್ಬರ್ನ್‌ನಲ್ಲಿ 1987ರಲ್ಲಿ ಮೋಟೆಕ್, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಲಿಂಕ್. ದೊಡ್ಡ ಕಂಪೆನಿಗಳ ಕೈಯಲ್ಲಷ್ಟೇ ಇದ್ದ ವಿದ್ಯೆ ಸಣ್ಣ ಗ್ಯಾರೇಜುಗಳಿಗೂ ದಕ್ಕಿತು. ಈ ಶತಮಾನದ ಆರಂಭದಲ್ಲಿ ಅಮೆರಿಕದ ಬೌಲಿಂಗ್ ಮತ್ತು ಗ್ರಿಪ್ಪೊ ಎಂಬಿಬ್ಬರು, ಬಿಡಿಭಾಗ ಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದಾದ ಮೆಗಾಸ್ಕ್ವರ್ಟ್ ಎಂಬ ಪೆಟ್ಟಿಗೆಯನ್ನೂ ರೂಪಿಸಿದರು.

ಪೆಟ್ಟಿಗೆಯೊಳಗೆ ಇರುವುದು ಮಗ್ಗಿ ಪುಸ್ತಕದಂಥ ಒಂದು ಕೋಷ್ಟಕ. ಅಡ್ಡಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದಸಾಲಿನಲ್ಲಿ ಒಳಬರುವ ಗಾಳಿಯ ಒತ್ತಡ. ಹದಿನಾರಕ್ಕೆ ಹದಿನಾರು ಎಂದರೆ 256 ಮನೆಗಳು. ಆ ವೇಗ, ಆ ಒತ್ತಡದಲ್ಲಿ ಸಿಲಿಂಡರ್ ನಿಜವಾಗಿ ಎಷ್ಟು ತುಂಬುತ್ತದೆ ಎಂಬುದನ್ನು ಒಂದೊಂದು ಮನೆಯಲ್ಲೂ ಬರೆಯಬೇಕು. ಗಾಳಿಯ ಬಿಸಿಯನ್ನೂ ಸೇರಿಸಿಕೊಂಡು ಪೆಟ್ಟಿಗೆ ಗಾಳಿಯ ತೂಕ ಲೆಕ್ಕಹಾಕಿ, ಇಂಜೆಕ್ಟರನ್ನು ಅಷ್ಟೇ ಹೊತ್ತು ತೆರೆಯುತ್ತದೆ. ಹೊತ್ತು ಎಂದರೆ ಎಷ್ಟು? ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸಿಲಿಂಡರಿನ ಒಂದು ಆವರ್ತಕ್ಕೆ ಸಿಗುವುದು ಸೆಕೆಂಡಿನ ಐವತ್ತನೇ ಒಂದು ಭಾಗ. ಟರ್ಬೊ ಒಟ್ಟು 2ರ ಒತ್ತಡದಲ್ಲಿ ತುಂಬುತ್ತಿದ್ದರೆ ಅಷ್ಟರಲ್ಲಿ ಸುಮಾರು 100 ಮಿಲಿಗ್ರಾಂ ಪೆಟ್ರೋಲ್ ಚಿಮ್ಮಬೇಕು. ಟರ್ಬೊ ಜೋರಾಗಿರುವಾಗ ಪೆಟ್ರೋಲನ್ನು ತುಸು ಹೆಚ್ಚೇ ಕೊಡುತ್ತಾರೆ. ಅದು ಸಿಲಿಂಡರಿನ ಕಾವು ತಗ್ಗಿಸುತ್ತದೆ.

ಬೆಟ್ಟದಲ್ಲಿ ಇನ್ನೊಂದು ತೊಡಕುಂಟು. ಹೊರಗಿನ ಗಾಳಿ ತೆಳುವಾದಾಗ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಸಿಲಿಂಡರಿನಲ್ಲಿ ಹಳೆಯ ಹೊಗೆ ಕಡಿಮೆ ಉಳಿದು ಹೊಸ ಗಾಳಿ ತುಸು ಹೆಚ್ಚು ಹಿಡಿಯುತ್ತದೆ. ಹಾಗಾಗಿ ಒಳಗಿನ ಒತ್ತಡ ಅಳೆದರೆ ಸಾಲದು, ಹೊರಗಿನದನ್ನೂ ಅಳೆದು ತಿದ್ದುಪಡಿ ಮಾಡಬೇಕು. ಕೆಳಗಿನ ಊರಿನ ಗ್ಯಾರೇಜಿನಲ್ಲಿ, ರೋಲರುಗಳ ಮೇಲೆ ಕಾರು ಓಡಿಸಿ ಕೋಷ್ಟಕ ತುಂಬಿದವನಿಗೆ ಮೇಲಿನ ಗಾಳಿ ಅಲ್ಲಿ ಸಿಗುವುದಿಲ್ಲ. ಬೆಟ್ಟದ ಲೆಕ್ಕ ಬೆಟ್ಟದಲ್ಲೇ ಆಗಬೇಕು.

ಒಂದೇ ಒಂದು ಅವಕಾಶ

ಬೆಟ್ಟವಾದರೋ ಹೆಚ್ಚು ಅವಕಾಶ ಕೊಡುವುದಿಲ್ಲ. ರಸ್ತೆ ಪ್ರವಾಸಿಗಳಿಗೂ ಬೇಕು. ಸ್ಪರ್ಧೆಯ ವಾರದಲ್ಲಿ ತಾಲೀಮು ನಸುಕಿನಲ್ಲಿ, ಅದೂ ತುಂಡುತುಂಡಾಗಿ: ಒಂದು ದಿನ ಕೆಳಭಾಗ, ಒಂದು ದಿನ ನಡುಭಾಗ, ಒಂದು ದಿನ ಮೇಲ್ಭಾಗ. ಇಡೀ ದಾರಿಯನ್ನು ಒಂದೇ ಉಸಿರಿಗೆ ಓಡಿಸುವುದು ಸ್ಪರ್ಧೆಯ ದಿನವೇ. ಅದೂ ಒಂದೇ ಸಲ. ತಾಲೀಮಿನಲ್ಲಿ ಪೆಟ್ಟಿಗೆ ದಾಖಲಿಸಿಕೊಂಡ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿ, ಮೂರು ತುಂಡುಗಳನ್ನು ಹೊಲಿದು, ನಸುಕಿನ ಚಳಿಯಲ್ಲಿ ಕಂಡದ್ದು ಹೊತ್ತೇರಿದ ಬಿಸಿಲಿಗೂ ಹೊಂದುವಂತೆ ಟ್ಯೂನರ್ ಸಿದ್ಧಮಾಡಬೇಕು. ಎಂಜಿನ್ನಿನ ಬೆಲೆ ಒಂದು ಕಡೆಯಾದರೆ ಚಾಲಕನ ಜೀವ ಇನ್ನೊಂದು ಕಡೆ. 2019ರಲ್ಲಿ ಈ ಬೆಟ್ಟವನ್ನು ನಾಲ್ಕು ಸಲ ಗೆದ್ದಿದ್ದ ಮೋಟಾರ್ ಸೈಕಲ್ ಸವಾರ ಕಾರ್ಲಿನ್ ಡನ್ ಕೊನೆಯ ಗೆರೆಯ ಸಮೀಪದಲ್ಲೇ ಬಿದ್ದು ಸತ್ತರು. ಅನಂತರ ಮೋಟಾರ್ ಸೈಕಲ್ ಸ್ಪರ್ಧೆಯನ್ನು ಕೈಬಿಡಲಾಯಿತು.

ರಸ್ತೆಗೆ ಪೂರ್ತಿ ಡಾಂಬರು ಬಿದ್ದದ್ದು 2011ರಲ್ಲಿ. ಅದೇ ವರ್ಷ ಜಪಾನಿನ ನೊಬುಹಿರೊ ತಜಿಮಾ ಹತ್ತು ನಿಮಿಷದ ಗೋಡೆ ಒಡೆದು 9 ನಿಮಿಷ 51.278 ಸೆಕೆಂಡಿಗೆ ಏರಿದರು. 2013ರಲ್ಲಿ ಸೆಬಾಸ್ಟಿಯನ್ ಲೋಬ್, 875 ಕಿಲೋ ತೂಕಕ್ಕೆ 875 ಅಶ್ವಶಕ್ತಿಯ ಪೆಜೊ ಟರ್ಬೊ ಕಾರಿನಲ್ಲಿ 8 ನಿಮಿಷ 13.878 ಸೆಕೆಂಡಿಗೆ ಇಳಿಸಿದರು. 2018ರಲ್ಲಿ ಆ ದಾಖಲೆಯನ್ನು ಮುರಿದದ್ದು ಉಸಿರೇ ಆಡದ ಕಾರು. ಫೋಕ್ಸ್‌ವ್ಯಾಗನ್ನಿನ ವಿದ್ಯುತ್ ಕಾರನ್ನು ರೊಮಾನ್ ಡುಮಾ 7 ನಿಮಿಷ 57.148 ಸೆಕೆಂಡಿಗೆ ನೆತ್ತಿ ಮುಟ್ಟಿಸಿದರು. ಬ್ಯಾಟರಿಗೆ ಗಾಳಿ ತೆಳುವಾದರೇನು, ದಪ್ಪವಾದರೇನು?

ನಮ್ಮ ಮಕ್ಕಳಿಗೆ

ಹಾಗಾದರೆ ಪೆಟ್ರೋಲ್ ಅಳೆಯುವ ವಿದ್ಯೆ ದಂಡವೇ? ಇಲ್ಲ. ವಿದ್ಯುತ್ ಕಾರಿಗೂ ಬ್ಯಾಟರಿಯ ಕಾವು, ಮೋಟಾರಿನ ಸೆಳೆತ ಅಳೆಯಬೇಕು, ಕೋಷ್ಟಕ ತುಂಬಬೇಕು. ಅಳೆಯದೆ ಊಹಿಸಬಾರದೆಂಬ ಪಾಠ ಎರಡಕ್ಕೂ ಒಂದೇ.

ತಂದೆತಾಯಿಗಳು ಒಂದು ಮಾತು ಗಮನಿಸಬೇಕು. ರಸ್ತೆಯ ಮೇಲೆ ಓಡುವ ವಾಹನವನ್ನು ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಮನಬಂದಂತೆ ಮಾರ್ಪಡಿಸಲು ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಬಿಡುವುದಿಲ್ಲ. ಮನೆಯ ಕಾರಿಗೆ ಟರ್ಬೊ ಕೂಡಿಸುವ ಉತ್ಸಾಹ ಬೇಡ. ಆದರೆ ಆಸಕ್ತಿ ಇರುವವರಿಗೆ ಸರಿಯಾದ ದಾರಿ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಪುಟ್ಟ ರೇಸ್ ಕಾರು ಕಟ್ಟಿ ತರುವ ಸ್ಪರ್ಧೆಗಳಲ್ಲಿ ಮೋಟಾರ್ ಸೈಕಲ್ ಎಂಜಿನ್ನಿಗೆ ಇಂಥದೇ ಪೆಟ್ಟಿಗೆ ಜೋಡಿಸಿ, ಕೋಷ್ಟಕವನ್ನು ತಾವೇ ತುಂಬುತ್ತಾರೆ. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಫಾರ್ಮುಲಾ ಭಾರತ್ ನಡೆದುಬಂದಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳು ಈ ಹಾದಿಯಲ್ಲಿ ಹೆಸರು ಮಾಡಿವೆ. ಅನಿಲ ನಿಯಮ ಬಾಯಿಪಾಠ ಮಾಡಿದವನಿಗೂ, ಅದರಿಂದ ಒಂದು ಎಂಜಿನ್ ಉಳಿಸಿದವನಿಗೂ ಇರುವ ಅಂತರ ಅಲ್ಲಿ ತಿಳಿಯುತ್ತದೆ.

ಪೈಕ್ಸ್ ಪೀಕಿಗೆ ಹೋಗುವವರು ಬೇಸಗೆಯಲ್ಲಿ ಕಾರಿಗೆ ಮುಂಗಡವಾಗಿ ಸಮಯ ಕಾಯ್ದಿರಿಸುವುದು ಒಳ್ಳೆಯದು. ಉಣ್ಣೆಯ ಬಟ್ಟೆ ಮರೆಯಬಾರದು. ಇಳಿಯುವಾಗ ಗ್ಲೆನ್ ಕೋವ್‌ನಲ್ಲಿ ಸಿಬ್ಬಂದಿ ಕಾರುಗಳನ್ನು ತಡೆದು ಬ್ರೇಕಿನ ಬಿಸಿ ಅಳೆಯುತ್ತಾರೆ. ಕಾವು ಮಿತಿ ಮೀರಿದ್ದರೆ, ಆರುವವರೆಗೆ ಅಲ್ಲಿಯೇ ಕೂರಬೇಕು.