ಅಪ್ಪ ಹೇಳಿದ ಮಸೀದಿ

ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ತದ್ರೂಪು ಎಂದು ಅಪ್ಪ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ನಿಮ್ಮೂರೆಂದರೆ ಬಿಸಿಲು, ತೊಗರಿಬೇಳೆ ಎನ್ನುವವರ ಬಾಯಿ ಮುಚ್ಚಿಸಲು ಅದೊಂದು ಸಾಕಿತ್ತು. ಜರ್ಮನಿಗೆ ಬಂದ ಮೇಲೆ ನಾನೂ ಅದನ್ನೇ ಸಹೋದ್ಯೋಗಿಗಳಿಗೆ ಒಪ್ಪಿಸಿದ್ದೇನೆ. ಕಳೆದ ವಸಂತದಲ್ಲಿ ಮಗಳನ್ನು ಕರೆದುಕೊಂಡು ಕಾರ್ಡೋಬಾಕ್ಕೇ ಹೋದೆ.

ಕಿತ್ತಳೆ ಮರಗಳ ಅಂಗಳ ದಾಟಿ ಒಳಹೊಕ್ಕರೆ ಕಂಬದ ಹಿಂದೆ ಕಂಬ, 850ಕ್ಕೂ ಹೆಚ್ಚು. 785ರ ಸುಮಾರಿಗೆ ಒಂದನೇ ಅಬ್ದುಲ್ ರಹಮಾನ್ ಆರಂಭಿಸಿದ್ದನ್ನು ಮುಂದಿನವರು ಇನ್ನೂರು ವರ್ಷ ಹಿಗ್ಗಿಸುತ್ತಲೇ ಹೋದರು. ಹಳೆಯ ರೋಮನ್ ಕಟ್ಟಡಗಳಿಂದ ಕಿತ್ತು ತಂದ ಕಂಬಗಳು ಗಿಡ್ಡ. ಅದಕ್ಕೇ ಚಾವಣಿ ಎತ್ತರಿಸಲು ಕಮಾನಿನ ಮೇಲೊಂದು ಕಮಾನು ಕೂರಿಸಿದ್ದಾರೆ, ಕೆಂಪು ಇಟ್ಟಿಗೆ, ಬಿಳಿ ಕಲ್ಲು ಬೆರೆಸಿ. 1236ರಲ್ಲಿ ಊರು ಕ್ರೈಸ್ತ ದೊರೆಯ ವಶವಾಯಿತು. ನಟ್ಟನಡುವೆ ಎದ್ದಿರುವ ಕೆಥೆಡ್ರಲ್ 16ನೇ ಶತಮಾನದ್ದು.

ಮಗಳು ತಲೆಯೆತ್ತಿ ನೋಡಿ, "ಅಪ್ಪಾ, ಅಜ್ಜನ ಊರಿನದು ಹೀಗಿಲ್ಲವಲ್ಲ?" ಎಂದಳು.

ಹೌದು, ಹೀಗಿಲ್ಲ. ಇಲ್ಲಿ ತೆಳ್ಳನೆಯ ಕಂಬ, ಮರದ ಚಾವಣಿ. ನಮ್ಮಲ್ಲಿ ದಪ್ಪ ಚೌಕ ಕಂಬ, ಮೇಲೆ 63 ಸಣ್ಣ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ಮಿಹ್ರಾಬಿನ ಮುಂದೆ ದೊಡ್ಡದೊಂದು. ಇಲ್ಲಿ ಅಂಗಳವಿದೆ, ನಮ್ಮಲ್ಲಿ ಇಲ್ಲ. ಭಾರತದ ದೊಡ್ಡ ಮಸೀದಿಗಳಲ್ಲಿ ಅಂಗಳವೇ ಮುಖ್ಯ. ನಮ್ಮದು ಪೂರ್ತಿ ಸೂರಿನಡಿ. ಅದೇ ಅದರ ವಿಶೇಷ, ಮತ್ತು ಯಾರಿಗೋ ಕಾರ್ಡೋಬಾ ನೆನಪಾದದ್ದೂ ಬಹುಶಃ ಅದರಿಂದಲೇ. ಹೊರಸುತ್ತಿನ ಕಮಾನುಗಳಂತೂ ಇನ್ನೆಲ್ಲೂ ಕಾಣದಷ್ಟು ಅಗಲ, ನೆಲಕ್ಕೆ ಹತ್ತಿರ; ಚಿಕ್ಕವನಿದ್ದಾಗ ಅವುಗಳ ಬುಡಕ್ಕೆ ಒರಗಿ ನಿದ್ದೆಹೋದದ್ದುಂಟು. 1367ರಲ್ಲಿ ಕಟ್ಟಿದ ರಫಿಯ ಹೆಸರು ಶಾಸನದಲ್ಲಿದೆ. ಅವನ ಮೂಲ ಇರಾನಿನ ಕಜ್ವೀನ್, ಸ್ಪೇನ್ ಅಲ್ಲ. ಇಷ್ಟು ವರ್ಷ ನಮ್ಮದನ್ನು ಹೊಗಳಲು ಇನ್ನೊಬ್ಬರ ಹೆಸರು ಹಿಡಿದು ತಿರುಗಿದೆನಲ್ಲ ಎಂದು ಪಿಚ್ಚೆನಿಸಿತು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಎಂಬತ್ತೆರಡರ ಮುದುಕನಿಗೆ ಇದನ್ನು ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಹೇಳಿಬಿಟ್ಟೆ. ಅತ್ತ ಒಂದು ಗಳಿಗೆ ಸದ್ದಿಲ್ಲ.

"ನಾ ಎಲ್ಲಿ ಸ್ಪೇನ್ ನೋಡೀನಪಾ? ಯಾವುದೋ ಪುಸ್ತಕದಾಗ ಇತ್ತು, ಹೇಳಿದೆ," ಎಂದರು. ಆಮೇಲೆ ಕೇಳಿದರು: "ಒಳಗ ತಂಪು ಅದ ಏನು, ನಮ್ಮದರಂಗ?"